ಶುಗರ್ ವಿಪರೀತ ಏರಿದಾಗ ಕೈ ಅದುರು, ಕಣ್ಣು ಮಂಜು: ಮನೆಮಂದಿ ಏನು ಮಾಡಬೇಕು?

ಸಕ್ಕರೆ ಕಾಯಿಲೆ ಇದ್ದವರಿಗೆ ಒಂದು ಬದಿಯ ಕೈಕಾಲು ತಾನಾಗಿ ಅದುರಿದರೆ, ಮಾತು ತೊದಲಿದರೆ, ನೋಟದ ಒಂದು ಬದಿ ಕಾಣದಾದರೆ ಮನೆಯವರು ‘ಲಕ್ವಾ ಹೊಡೆಯಿತು’ ಎಂದೋ ‘ಗಾಳಿ ಸೋಕಿತು’ ಎಂದೋ ತೀರ್ಮಾನಿಸಿಬಿಡುತ್ತಾರೆ. ಶುಗರ್ ವಿಪರೀತ ಏರಿದಾಗಲೂ ಹೀಗೆಲ್ಲ ಆಗುತ್ತದೆ. ಹಾವೇರಿ ಜಿಲ್ಲೆಯ ಹುಲಗೂರಿನಂಥ ಊರಿಂದ ದೊಡ್ಡಾಸ್ಪತ್ರೆ ಮುಟ್ಟಲು ಹೊತ್ತು ಹಿಡಿಯುವುದರಿಂದ ಮನೆಯವರ ಮೊದಲ ಹೆಜ್ಜೆ ತಪ್ಪಬಾರದು.

ಹೀಗೇಕೆ ಆಗುತ್ತದೆ?

ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೋಗುವಾಗ ಮೈಯ ನೀರನ್ನೂ ಎಳೆದೊಯ್ಯುತ್ತದೆ. ಮಿದುಳಿನ ಕೋಶಗಳಲ್ಲೂ ನೀರು ಕಡಿಮೆಯಾಗುತ್ತದೆ. ಜ್ವರ ಬಂದಾಗ, ಗುಳಿಗೆ ಅಥವಾ ಇನ್ಸುಲಿನ್ ಬಿಟ್ಟಾಗ ವಯಸ್ಸಾದವರಲ್ಲಿ ಇದು ಹೆಚ್ಚು. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಮಂಪರು ಮೊದಲ ಸೂಚನೆಗಳು.

ಹೆಜ್ಜೆ 1: ಕೂಡಲೇ ಶುಗರ್ ನೋಡಿ. ಅನೇಕ ಗ್ಲುಕೋಮೀಟರ್‌ಗಳು 600 ದಾಟಿದರೆ ಅಂಕಿಯ ಬದಲು ‘ಹೈ’ ಎಂದು ತೋರಿಸುತ್ತವೆ. 70ಕ್ಕಿಂತ ಕಡಿಮೆ ಇದ್ದು, ರೋಗಿಗೆ ಎಚ್ಚರವಿದ್ದು ನುಂಗಲು ಬಂದರೆ ಮಾತ್ರ ಸಕ್ಕರೆ ನೀರು ಕೊಡಿ. ಮೀಟರ್ ಹುಡುಕುತ್ತ ಹೊತ್ತು ಕಳೆಯಬೇಡಿ.

ಹೆಜ್ಜೆ 2: 108ಕ್ಕೆ ಕರೆ ಮಾಡಿ. ಲಕ್ಷಣ ಶುರುವಾದ ಸಮಯ ಬರೆದಿಡಿ. ನಿಜವಾದ ಲಕ್ವಾ ಆಗಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೇ ಬೀಳಬೇಕು.

ಹೆಜ್ಜೆ 3: ಫಿಟ್ಸ್ ಬಂದರೆ ಅದುರುವುದು ನಿಂತೊಡನೆ ಪಕ್ಕಕ್ಕೆ ಮಲಗಿಸಿ. ಬಾಯಿಗೆ ಚಮಚ, ನೀರು ಏನನ್ನೂ ಹಾಕಬೇಡಿ. ವೈದ್ಯರನ್ನು ಕೇಳದೆ ಹೆಚ್ಚುವರಿ ಇನ್ಸುಲಿನ್ ಚುಚ್ಚಬೇಡಿ.

ಹೆಜ್ಜೆ 4: ತೆಗೆದುಕೊಳ್ಳುವ ಎಲ್ಲ ಗುಳಿಗೆ, ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ. ಶಿಗ್ಗಾಂವಿ, ಹಾವೇರಿ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಎಲ್ಲಿಗೆ ಎಂಬುದನ್ನು ಆಂಬುಲೆನ್ಸ್ ಸಿಬ್ಬಂದಿಯ ಜೊತೆ ನಿರ್ಧರಿಸಿ. ಅಲ್ಲಿ ಸಲೈನ್, ಇನ್ಸುಲಿನ್, ಪೊಟ್ಯಾಶಿಯಂ ಲೆಕ್ಕ ಹಾಕಿ ಕೊಡುತ್ತಾರೆ. ಶುಗರ್‌ನಿಂದಲೇ ಬಂದ ಫಿಟ್ಸ್‌ಗೆ ಶುಗರ್ ಇಳಿಸುವುದೇ ಮುಖ್ಯ ಚಿಕಿತ್ಸೆ.

ಹೆಜ್ಜೆ 5: ಕಣ್ಣಿನ ತೊಂದರೆಯ ಬಗೆ ಗುರುತಿಸಿ. ಶುಗರ್ ಏರಿಳಿದಾಗ ಕಣ್ಣಿನ ಮಸೂರದ ಆಕಾರ ಬದಲಾಗಿ ನೋಟ ಮಂಜಾಗುತ್ತದೆ. ಶುಗರ್ ಹದಕ್ಕೆ ಬಂದು ಕೆಲವು ವಾರ ಕಳೆದ ಮೇಲೆ ಹೊಸ ಕನ್ನಡಕ ಮಾಡಿಸಿ. ಒಂದೇ ಬದಿಯಲ್ಲಿ ಬಣ್ಣಬಣ್ಣದ ಮಿಂಚು ಕಂಡರೆ, ಅರ್ಧ ನೋಟ ಹೋದರೆ ತೊಂದರೆ ಮಿದುಳಿನದ್ದಿರಬಹುದು. ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ.

ಹೆಜ್ಜೆ 6: ಗುಣವಾದ ಮೇಲೂ ಎಚ್ಚರ ಬಿಡಬೇಡಿ. ಜ್ವರ ಬಂದು ಊಟ ಸೇರದಿದ್ದರೂ ಇನ್ಸುಲಿನ್ ಅನ್ನು ತಾವಾಗಿ ನಿಲ್ಲಿಸಬಾರದು. ಪ್ರಮಾಣ ಎಷ್ಟೆಂದು ವೈದ್ಯರನ್ನು ಕೇಳಿ. ಮೂರು ತಿಂಗಳ ಸರಾಸರಿ ಶುಗರ್ ಪರೀಕ್ಷೆ, ವರ್ಷಕ್ಕೊಮ್ಮೆ ಅಕ್ಷಿಪಟಲದ ತಪಾಸಣೆ ಮಾಡಿಸಿ. ಮೂವತ್ತು ದಾಟಿದವರ ಶುಗರ್ ಅನ್ನು ಸರಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ನೋಡುತ್ತಾರೆ. ಮನೆಯ ಹಿರಿಯರನ್ನು ಈ ವಾರವೇ ಕರೆದೊಯ್ಯಿರಿ.