ಕಟ್ಟುವ ಮೊದಲು ಕಾರಣ ಹುಡುಕೋಣ



ವೈದ್ಯಕೀಯ ನೆರವು ನಿಧಿಯ ಮನವಿಯ ಜೊತೆಗೆ ಒಂದು ತಿಳಿವಳಿಕೆಯ ಲೇಖನ ಕೊಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಈ ಸಲದ ವಿಷಯ ಸಾಮಾನ್ಯವಾಗಿ ಮನೆಯ ನಾಲ್ಕು ಗೋಡೆಗಳೊಳಗೇ ಉಳಿದುಬಿಡುತ್ತದೆ: ಬುದ್ಧಿಮಾಂದ್ಯ, ಆಟಿಸಂ ಅಥವಾ ಮಾನಸಿಕ ಕಾಯಿಲೆ ಇರುವವರನ್ನು ಕಟ್ಟಿಹಾಕುವುದು. ನಾನು ವೈದ್ಯನಲ್ಲ, ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದ ಬಿ.ಕಾಂ. ಪದವೀಧರ. ಸಾಂತಾಕ್ರೂಜ್ ಭಾಗದಿಂದ ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನದು. ಅರ್ಜಿ ಓದುತ್ತ, ಮನೆಗಳಿಗೆ ಹೋಗಿಬರುತ್ತ, ವೈದ್ಯರನ್ನು ಕೇಳುತ್ತ, ಕಾಯಿದೆಯ ಪುಟ ತಿರುವುತ್ತ ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇನೆ. ಇದರ ಸಾರ ಇಷ್ಟೇ: ಕಟ್ಟುವುದು ಹೆಚ್ಚಾಗಿ ಕ್ರೌರ್ಯದಿಂದ ಹುಟ್ಟುವುದಿಲ್ಲ, ಕೊರತೆಯಿಂದ ಹುಟ್ಟುತ್ತದೆ. ಕೊರತೆಯನ್ನು ತುಂಬುವುದು ನಮ್ಮಂಥ ಸಂಘದ ಕೈಲಾಗುವ ಕೆಲಸ.

ಕಟ್ಟುವುದು ಎಂದರೆ ಏನೇನು?

ಹಗ್ಗ, ಸರಪಳಿ ಮಾತ್ರವಲ್ಲ. ಹಳೆಯ ಸೀರೆಯ ತುಂಡಿನಿಂದ ಮಂಚದ ಕಾಲಿಗೆ ಕಟ್ಟುವುದು, ಹೊರಗಿನಿಂದ ಬೀಗ ಹಾಕಿ ಹೋಗುವುದು, ಇಬ್ಬರು ಮೂವರು ಸೇರಿ ಅದುಮಿ ಹಿಡಿಯುವುದು, ವೈದ್ಯರು ಹೇಳದಿದ್ದರೂ ಗಲಾಟೆ ಮಾಡಬಾರದೆಂದು ನಿದ್ದೆ ಮಾತ್ರೆ ಕೊಡುವುದು, ಎಲ್ಲವೂ ಇದರಲ್ಲೇ ಬರುತ್ತವೆ. ಬೋರಲಾಗಿ ಮಲಗಿಸಿ ಬೆನ್ನ ಮೇಲೆ ಭಾರ ಹಾಕಿ ಹಿಡಿಯುವುದು ಎಲ್ಲಕ್ಕಿಂತ ಅಪಾಯ. ಉಸಿರು ಕಟ್ಟಿ ಸಾಯುವ ಸಂಭವವಿದೆ.

ಆದರೆ ರಸ್ತೆ ದಾಟುವಾಗ ಮಗುವಿನ ಕೈ ಹಿಡಿದುಕೊಳ್ಳುವುದು ಬಂಧನವಲ್ಲ. ಸೆರೆಬ್ರಲ್ ಪಾಲ್ಸಿ ಇರುವ ಮಗು ನೆಟ್ಟಗೆ ಕೂರಲಿ ಎಂದು ಥೆರಪಿಸ್ಟ್ ಹೇಳಿದ ಬೆಲ್ಟ್ ಕೂಡ ಬಂಧನವಲ್ಲ. ಅದೇ ಬೆಲ್ಟನ್ನು ಎದ್ದು ಓಡಾಡದಿರಲಿ ಎಂದು ದಿನವಿಡೀ ಬಿಗಿದಿಟ್ಟರೆ ಬಂಧನವಾಗುತ್ತದೆ.

ಏರ್ವಾಡಿಯ ಬೆಂಕಿ

2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿಕೊಂಡಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಲಾಗಿತ್ತು. ಓಡಲಾಗದೆ 28 ಮಂದಿ ಸತ್ತರು. ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು.

ಇದು ಎಲ್ಲೋ ದೂರದ ಊರಿನ ಮಾತು ಎಂದುಕೊಳ್ಳಬೇಡಿ. ಒಂದೇ ಖೋಲಿ, ಒಳಗೆ ಗ್ಯಾಸ್ ಸಿಲಿಂಡರ್, ಮಂಚಕ್ಕೆ ಕಟ್ಟಿದ ಹುಡುಗ, ಹೊರಗೆ ಬೀಗ. ಮುಂಬಯಿಯಲ್ಲಿ ಇಂಥ ಮನೆಗಳು ಇಲ್ಲವೆಂದು ನಮ್ಮಲ್ಲಿ ಯಾರೂ ಎದೆ ತಟ್ಟಿ ಹೇಳಲಾರೆವು.

ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 95ನೇ ಸೆಕ್ಷನ್, ಮಾನಸಿಕ ಕಾಯಿಲೆ ಇರುವವರನ್ನು ಯಾವ ರೀತಿಯಲ್ಲೂ ಸರಪಳಿ ಹಾಕಿ ಕಟ್ಟಕೂಡದು ಎನ್ನುತ್ತದೆ. 97ನೇ ಸೆಕ್ಷನ್ ಒಬ್ಬಂಟಿಯಾಗಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಆಸ್ಪತ್ರೆಗಳಲ್ಲಿ ದೈಹಿಕ ಬಂಧನಕ್ಕೆ ಅವಕಾಶವಿರುವುದು, ತಕ್ಷಣ ಆಗಲಿರುವ ಅಪಾಯವನ್ನು ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ. ಅದಕ್ಕೂ ಮನೋವೈದ್ಯರ ಅನುಮತಿ ಬೇಕು. ಕಾರಣ, ವಿಧಾನ, ಎಷ್ಟು ಹೊತ್ತು ಎಂಬುದನ್ನೆಲ್ಲ ಬರೆದಿಡಬೇಕು. ಪ್ರತಿ ಸಲವೂ 24 ಗಂಟೆಯೊಳಗೆ ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೆ ತಿಳಿಸಬೇಕು. ಶಿಕ್ಷೆಯಾಗಿ ಬಳಸುವಂತಿಲ್ಲ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೂ ಬಳಸುವಂತಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿ. ಜನ ಸಾಲದು ಎಂಬುದು ಕಾನೂನಿನ ದೃಷ್ಟಿಯಲ್ಲಿ ಕಾರಣವೇ ಅಲ್ಲ. ಹಾಗಾದರೆ ಸಾಲದ ಜನರನ್ನು ಯಾರಾದರೂ ಒದಗಿಸಲೇಬೇಕಲ್ಲವೇ?

ಬುದ್ಧಿಮಾಂದ್ಯವು ಈ ಕಾಯಿದೆಯ ‘ಮಾನಸಿಕ ಕಾಯಿಲೆ’ಯೊಳಗೆ ಸೇರುವುದಿಲ್ಲ. ಅಂಥವರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ರಕ್ಷಣೆ ಇದೆ. ಅವರ ಮೇಲೆ ಹಿಂಸೆ ನಡೆಯುತ್ತಿದೆ ಎಂದು ಅನಿಸಿದರೆ ಯಾರು ಬೇಕಾದರೂ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು.

ನಡವಳಿಕೆಯ ಹಿಂದಿನ ನೋವು

ಮಾತು ಬಾರದವರಿಗೆ ನಡವಳಿಕೆಯೇ ಮಾತು. ತಲೆ ಚಚ್ಚಿಕೊಳ್ಳುವ ಹುಡುಗನಿಗೆ ಕಿವಿನೋವು ಇರಬಹುದು, ಹಲ್ಲು ಹುಳುಕಾಗಿರಬಹುದು. ಇದ್ದಕ್ಕಿದ್ದಂತೆ ಕಚ್ಚಲು ಶುರುಮಾಡಿದವಳಿಗೆ ನಾಲ್ಕು ದಿನದಿಂದ ಮಲಬದ್ಧತೆ ಇರಬಹುದು. ಮಿಕ್ಸರಿನ ಸದ್ದು ಕೆಲವರಿಗೆ ತಡೆಯಲಾಗದ ಹಿಂಸೆ.

ನಮ್ಮ ಭಾಗದ ಒಂದು ಮನೆಯ ವಿಷಯವನ್ನು, ಆ ತಾಯಿಯ ಒಪ್ಪಿಗೆ ಪಡೆದು, ಹೆಸರಿಲ್ಲದೆ ಹೇಳುತ್ತೇನೆ. ಗಂಡ ಇಲ್ಲ. ಮೂರು ಮನೆಗಳಲ್ಲಿ ಅಡುಗೆ ಮಾಡಿ ಸಂಸಾರ ನಡೆಸುತ್ತಾರೆ. 17 ವರ್ಷದ ಮಗನಿಗೆ ಆಟಿಸಂ, ಮಾತಿಲ್ಲ. ಕೆನ್ನೆಗೆ ಹೊಡೆದುಕೊಳ್ಳುತ್ತಾನೆಂದು ಕೈ ಕಟ್ಟುತ್ತಿದ್ದರು. ಬೆಳಗಿನ ಕೆಲಸಕ್ಕೆ ಹೋಗುವಾಗ ಮಂಚಕ್ಕೆ ಕಟ್ಟಿ ಹೋಗುತ್ತಿದ್ದರು. ನಮಗೆ ಬಂದ ಅರ್ಜಿ, ಅವನನ್ನು ಸುಮ್ಮನಿರಿಸುವ ಇನ್ನೂ ಬಲವಾದ ಮಾತ್ರೆಯ ಖರ್ಚಿಗಾಗಿ. ಮೊದಲು ಪೂರ್ತಿ ತಪಾಸಣೆ ಆಗಲಿ ಎಂದು ಸಮಿತಿ ಹೇಳಿತು. ದವಡೆಯ ಎರಡು ಹಲ್ಲು ಬೇರಿನವರೆಗೆ ಕೆಟ್ಟಿದ್ದವು. ಅರಿವಳಿಕೆ ಕೊಟ್ಟು ಕೀಳಿಸಬೇಕಾಯಿತು. ಖರ್ಚನ್ನು ನಿಧಿ ಭರಿಸಿತು. ಕೆನ್ನೆಗೆ ಹೊಡೆದುಕೊಳ್ಳುವುದು ಕೆಲವೇ ವಾರಗಳಲ್ಲಿ ಬಹಳ ಕಡಿಮೆಯಾಯಿತು.

ಆದರೆ ಬೆಳಗಿನ ಕಟ್ಟು ಹಾಗೆಯೇ ಉಳಿಯಿತು. ಅದಕ್ಕೆ ಕಾರಣ ಹಲ್ಲಲ್ಲ, ಮನೆಯಲ್ಲಿ ಇನ್ನೊಬ್ಬರಿಲ್ಲದ್ದು. ಅದೇ ಚಾಲಿನ ಹಿರಿಯ ಹೆಂಗಸೊಬ್ಬರು ಈಗ ಏಳರಿಂದ ಹನ್ನೊಂದರವರೆಗೆ ಅವನ ಜೊತೆ ಕೂರುತ್ತಾರೆ. ಇಬ್ಬರು ದಾನಿಗಳು ಆರು ತಿಂಗಳ ಮಟ್ಟಿಗೆ ಅವರ ಸಂಬಳ ವಹಿಸಿಕೊಂಡಿದ್ದಾರೆ. ಆ ಹುಡುಗನಿಗೆ ಈಗಲೂ ಕೆಟ್ಟ ದಿನಗಳಿವೆ. ಆದರೆ ಕಟ್ಟು ಇಲ್ಲ.

ಮೂರು ಕಾಲಮ್ಮಿನ ಪುಸ್ತಕ

ವಿಶೇಷ ಶಿಕ್ಷಕರು ಹೇಳಿಕೊಡುವ ಒಂದು ಉಪಾಯ ನನಗೆ ತಕ್ಷಣ ಹಿಡಿಸಿತು. ಲೆಕ್ಕ ಬರೆದು ಬದುಕಿದವನಲ್ಲವೇ! ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಮ್ ಹಾಕಿ. ಮೊದಲನೆಯದು: ಗಲಾಟೆಗೆ ಮುಂಚೆ ಏನು ನಡೆಯಿತು. ಎರಡನೆಯದು: ಅವನು ಏನು ಮಾಡಿದ. ಮೂರನೆಯದು: ಆಮೇಲೆ ಏನಾಯಿತು, ಅವನಿಗೆ ಏನು ಸಿಕ್ಕಿತು. ದಿನ, ಸಮಯ ತಪ್ಪದೆ ಬರೆಯಿರಿ. ಎರಡು ವಾರದಲ್ಲಿ ಏನೋ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ: ಊಟ ತಡವಾದಾಗ, ಸ್ನಾನಕ್ಕೆ ಕರೆದಾಗ, ಮನೆ ತುಂಬ ಜನ ಬಂದಾಗ. ಕಾರಣ ತಿಳಿದರೆ ಮುಂಚೆಯೇ ಬದಲಾವಣೆ ಮಾಡಿಕೊಳ್ಳಬಹುದು. ನೀರು, ಊಟ, ಶೌಚಾಲಯ, ನೋವು, ‘ಸಾಕು’ ಎಂಬ ಚಿತ್ರದ ಕಾರ್ಡುಗಳನ್ನು ಮಾಡಿಟ್ಟರೆ ಹೊಡೆತದ ಬದಲು ಬೆರಳು ತೋರಿಸುವುದನ್ನು ಕಲಿಸಬಹುದು. ಈ ಪುಸ್ತಕವನ್ನು ವೈದ್ಯರಿಗೂ ತೋರಿಸಿ. ಅವರ ಐದು ನಿಮಿಷ ಉಳಿಯುತ್ತದೆ.

ವರ್ಷಗಟ್ಟಲೆ ಕಟ್ಟಿದ್ದನ್ನು ಒಂದೇ ದಿನ ಬಿಚ್ಚಿ ಕೈಬಿಡುವುದೂ ಅಪಾಯ. ಮೊದಲು ಚಾಕು, ಬೆಂಕಿಪೊಟ್ಟಣ, ಔಷಧಿ ಕೈಗೆ ಸಿಗದಂತೆ ಇಡಿ. ಕಿಟಕಿ ಭದ್ರಮಾಡಿ. ಅಂಗಿಯೊಳಗೆ ಫೋನ್ ನಂಬರಿನ ಚೀಟಿ ಹೊಲಿಯಿರಿ. ಜೊತೆಗೆ ಒಬ್ಬರಿರುವ ಹೊತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುತ್ತ ಬನ್ನಿ.

ಇದು ಆಗುವ ಕೆಲಸವೇ?

ಆಗುತ್ತದೆ, ಆಗಿದೆ. 1839ರಲ್ಲಿ ಲಂಡನ್ ಸಮೀಪದ ಹ್ಯಾನ್‌ವೆಲ್ ಮಾನಸಿಕ ಆಸ್ಪತ್ರೆಗೆ ಬಂದ ಡಾ. ಜಾನ್ ಕನಾಲಿ, ಸುಮಾರು 800 ರೋಗಿಗಳಿದ್ದ ಅಲ್ಲಿ ಕಟ್ಟುವ ಸಾಧನಗಳನ್ನೆಲ್ಲ ಕೈಬಿಡಿಸಿದರು. ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಅಮೃತಸರದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಮನೆಯವರನ್ನು ಜೊತೆಗೇ ಉಳಿಸಿಕೊಂಡರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಮನೆಯವರು ರೋಗಿಯ ಜೊತೆ ಉಳಿಯುವ ವಾರ್ಡುಗಳಿವೆ. ಪರಿಚಿತ ಮುಖ ಹತ್ತಿರವಿದ್ದರೆ ಹೆದರಿಕೆ ಕಡಿಮೆ. ಹೆದರಿಕೆ ಕಡಿಮೆಯಾದರೆ ಕಟ್ಟುವ ಸಂದರ್ಭವೂ ಕಡಿಮೆ.

ಆಶ್ರಯಧಾಮಕ್ಕೆ ಸೇರಿಸುವ ಮೊದಲು

ತಂದೆತಾಯಿಗೆ ವಯಸ್ಸಾದಾಗ ಇದು ಅನಿವಾರ್ಯವಾಗಬಹುದು. ಶುಲ್ಕಕ್ಕೆ ನೆರವು ಕೇಳುವವರು ಈ ಪ್ರಶ್ನೆಗಳಿಗೆ ಉತ್ತರ ಪಡೆದು ಬರಲಿ ಎಂದು ನನ್ನ ವಿನಂತಿ:

1. ಹಗಲು ಎಷ್ಟು ಸಿಬ್ಬಂದಿ? ರಾತ್ರಿ ಎಷ್ಟು?
2. ಯಾರನ್ನಾದರೂ ಕಟ್ಟಿದರೆ ಅಥವಾ ಕೂಡಿಹಾಕಿದರೆ ದಾಖಲೆ ಪುಸ್ತಕವಿದೆಯೇ? ತೋರಿಸುತ್ತೀರಾ?
3. ಮುಂಚಿತವಾಗಿ ಹೇಳದೆ ಮನೆಯವರು ಬರಬಹುದೇ?
4. ವೈದ್ಯರು, ದಂತವೈದ್ಯರು ಯಾವಾಗ ಬರುತ್ತಾರೆ?
5. ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಯಾವುದು? ಬೀಗದ ಕೈ ಯಾರ ಹತ್ತಿರ?

‘ನಮ್ಮಲ್ಲಿ ಅಂಥದ್ದೇನೂ ನಡೆಯುವುದಿಲ್ಲ, ಅದಕ್ಕೇ ಪುಸ್ತಕ ಇಟ್ಟಿಲ್ಲ’ ಎಂದರೆ ಹುಷಾರಾಗಿರಿ. ಬ್ಯಾಂಕಿನಲ್ಲಿ ಪುಸ್ತಕವೇ ಇಲ್ಲದ ಶಾಖೆಯನ್ನು ಪ್ರಾಮಾಣಿಕ ಶಾಖೆ ಎಂದು ಯಾರೂ ಕರೆಯುವುದಿಲ್ಲ.

ಸರಕಾರದ ನೆರವು

ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆ 1 ಲಕ್ಷ ರೂ.ವರೆಗೆ ಇದೆ. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳದವರು ಕೂಡಲೇ ಮಾಡಿಸಿ; ಅರ್ಜಿ ತುಂಬಲು ನಾವು ಸಹಾಯ ಮಾಡುತ್ತೇವೆ. ಮನಸ್ಸಿನ ತೊಂದರೆಗೆ, ಆರೈಕೆ ಮಾಡಿ ಸೋತವರಿಗೂ, ‘ಟೆಲಿ ಮಾನಸ್’ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ನಮ್ಮ ಮನವಿ

ನಮ್ಮ ನಿಯಮದಂತೆ ಆಸ್ಪತ್ರೆಯ ಬಿಲ್ಲಿಗೆ, ಔಷಧಿಗೆ ಹಣ ಕೊಡಬಹುದು. ಪಕ್ಕದಲ್ಲಿ ಕೂರುವ ಮನುಷ್ಯನ ಸಂಬಳಕ್ಕೆ ಕೊಡುವಂತಿಲ್ಲ. ಸುಮ್ಮನಿರಿಸುವ ಮಾತ್ರೆಗೆ ನಿಧಿಯಲ್ಲಿ ಅವಕಾಶವಿದೆ, ಮಾತ್ರೆಯೇ ಬೇಡವಾಗಿಸುವ ನಾಲ್ಕು ಗಂಟೆಯ ಆರೈಕೆಗೆ ಇಲ್ಲ. ಬರುವ ಮಹಾಸಭೆಯಲ್ಲಿ ಇದನ್ನು ಬದಲಿಸಬೇಕೆಂದು ಠರಾವು ಮಂಡಿಸುತ್ತಿದ್ದೇನೆ. ರಸೀದಿಯ ಚಿಂತೆ ಬೇಡ: ತಿಂಗಳಿಗೊಂದು ವೋಚರು, ಆರೈಕೆ ಮಾಡಿದವರ ಸಹಿ, ಮನೆಯವರ ಸಹಿ, ಸಮಿತಿಯ ಒಬ್ಬರ ಭೇಟಿಯ ಟಿಪ್ಪಣಿ. ಲೆಕ್ಕ ಪರಿಶೋಧಕರಿಗೆ ಇಷ್ಟು ಸಾಕು.

ಅಲ್ಲಿಯವರೆಗೆ ಈ ಉದ್ದೇಶಕ್ಕೆಂದೇ ಗುರುತಿಸಿ ಕೊಡುವ ದೇಣಿಗೆಯನ್ನು ಪ್ರತ್ಯೇಕವಾಗಿ ಇಡುತ್ತೇವೆ. ಮೇಲೆ ಹೇಳಿದ ಹುಡುಗನ ಆರು ತಿಂಗಳಲ್ಲಿ ನಾಲ್ಕು ಮುಗಿದಿವೆ. ಹಣ ಕೊಡಲಾಗದವರು ಸಮಯ ಕೊಡಿ. ವಾರಕ್ಕೆ ಎರಡು ಗಂಟೆಯೂ ದಾನವೇ.

ನೆರವು ಬೇಕಾದ ಮನೆಯವರಿಗೆ ಒಂದು ಮಾತು. ‘ಕಟ್ಟುತ್ತೇವೆ’ ಎಂದು ಅರ್ಜಿಯಲ್ಲಿ ಬರೆಯಲು ಸಂಕೋಚಪಡಬೇಡಿ. ಯಾರೂ ನಿಮ್ಮನ್ನು ದೂರುವುದಿಲ್ಲ, ಹೆಸರು ಹೊರಗೆ ಹೋಗುವುದಿಲ್ಲ. ಯಾವ ಹೊತ್ತಿನಲ್ಲಿ, ಯಾತಕ್ಕಾಗಿ ಎಂಬುದನ್ನೂ ಬರೆಯಿರಿ. ಏನು ಕೊರತೆ ಎಂದು ತಿಳಿದರೆ ಮಾತ್ರ ನಾವು ತುಂಬಬಲ್ಲೆವು.