ಚರ್ಮವ್ಯಾಧಿಗಳ ನಿದಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿಂಬೆಯ ತೋಟದಲ್ಲಿ ಬರಿಗಾಲಿನಿಂದ ದುಡಿಯುವವನು ನಾನು. ಹಿಂದೊಮ್ಮೆ ಮುಳ್ಳು ಮುರಿದ ಪಾದದಲ್ಲಿ ಬಾವು ಬೆಳೆದು, ಈಗ ಅಲ್ಲಲ್ಲಿ ತೂತು ಬಿದ್ದು ಕೀವು ಸೋರುತ್ತಿದೆ. ನೋವು ಅಷ್ಟಾಗಿ ಇಲ್ಲ. ಇದು ಸಕ್ಕರೆ ಕಾಯಿಲೆಯ ಹುಣ್ಣೇ?
— ರೈತರೊಬ್ಬರು, ಇಂಡಿ

ಉತ್ತರ: ರಕ್ತದ ಸಕ್ಕರೆಯನ್ನು ನೋಡಿಸುವುದು ಅವಶ್ಯವೇ, ಆದರೆ ಮುಳ್ಳಿನ ಗಾಯ, ನೋವಿಲ್ಲದ ಗಟ್ಟಿ ಬಾವು, ಹಲವು ಬಾಯಿಗಳ ಸ್ರಾವ, ಈ ಮೂರೂ ಒಂದೇ ಪಾದದಲ್ಲಿ ಕೂಡಿಬಂದಾಗ ವೈದ್ಯನು ಮೊದಲು ಶಂಕಿಸಬೇಕಾದುದು ಮೈಸೆಟೋಮಾ ಎಂಬ ವ್ಯಾಧಿಯನ್ನು. 1842ರಲ್ಲಿ ಮಧುರೆಯಲ್ಲಿ ಗಿಲ್ ಎಂಬ ವೈದ್ಯನು ಗುರುತಿಸಿದುದರಿಂದ ‘ಮದುರಾ ಪಾದ’ವೆಂದು ಹೆಸರಾದ, 2016ರಲ್ಲಷ್ಟೇ ವಿಶ್ವ ಆರೋಗ್ಯ ಸಂಸ್ಥೆಯ ಉಪೇಕ್ಷಿತ ರೋಗಗಳ ಪಟ್ಟಿಯನ್ನು ಸೇರಿದ ಈ ರೋಗವು ಮಣ್ಣಿನ ಶಿಲೀಂಧ್ರದಿಂದಲೂ ಬರುತ್ತದೆ, ಬ್ಯಾಕ್ಟೀರಿಯದಿಂದಲೂ ಬರುತ್ತದೆ, ಹೊರನೋಟಕ್ಕೆ ಎರಡೂ ಒಂದೇ, ಔಷಧಗಳು ಮಾತ್ರ ಸಂಪೂರ್ಣ ಭಿನ್ನ. ಈ ಭೇದದ ಸುಳಿವು ದೊರೆಯುವುದು ಕೀವಿನೊಡನೆ ಹೊರಬೀಳುವ ರವೆಯಂತಹ ಕಣಗಳಿಂದ. ಕಪ್ಪು ಕಣವು ಶಿಲೀಂಧ್ರವನ್ನೂ ಕೆಂಪು ಕಣವು ಬ್ಯಾಕ್ಟೀರಿಯವನ್ನೂ ಸೂಚಿಸುತ್ತದೆ. ಬಿಳಿಯದೋ ಹಳದಿಯದೋ ಆದರೆ ಬಣ್ಣವನ್ನು ನಂಬದೆ ಸೂಕ್ಷ್ಮದರ್ಶಕವನ್ನೂ ಬಯಾಪ್ಸಿಯನ್ನೂ ಆಶ್ರಯಿಸಬೇಕು. ಆದುದರಿಂದ ರಾತ್ರಿ ಶುಭ್ರವಾದ ಗಾಜ್ ಬಟ್ಟೆಯನ್ನು ಕಟ್ಟಿ, ಬೆಳಗ್ಗೆ ಅದನ್ನು ತೊಳೆಯದೆ, ಅಂಟಿದ ಕಣಗಳೊಡನೆಯೇ ವಿಜಯಪುರದ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಒಯ್ಯಿರಿ. ಎಲುಬಿಗೆ ತಗುಲಿದೆಯೋ ಇಲ್ಲವೋ ಎಂಬುದು ಎಕ್ಸ್-ರೇಯಿಂದ ತಿಳಿಯುತ್ತದೆ. ಬ್ಯಾಕ್ಟೀರಿಯದ ಬಗೆಯು ತಿಂಗಳುಗಟ್ಟಲೆಯ ಔಷಧಕ್ಕೆ ಪ್ರಾಯಶಃ ಮಣಿಯುತ್ತದೆ. ಶಿಲೀಂಧ್ರದ್ದು ಹಟಮಾರಿ, ಶಸ್ತ್ರಚಿಕಿತ್ಸೆಯನ್ನೂ ಬೇಡೀತು. ಇನ್ನು ಮೇಲಾದರೂ ತೋಟಕ್ಕೆ ಬರಿಗಾಲಿನಲ್ಲಿ ಇಳಿಯಬೇಡಿರಿ.

ಪ್ರಶ್ನೆ: ಮಗಳನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದೇವೆ. ಕೂಸು ಹುಟ್ಟುವಾಗ ಮೈಯೆಲ್ಲ ಹೊಳೆಯುವ ಪೊರೆಯಿಂದ ಮುಚ್ಚಿತ್ತು. ಈಗ ಚರ್ಮವು ಮೀನಿನ ಹುರುಪೆಯಂತಾಗಿದೆ. ಗ್ರಹಣದ ದೋಷವೆನ್ನುತ್ತಾರೆ.
— ಅಜ್ಜಿಯೊಬ್ಬರು, ಸಿಂದಗಿ

ಉತ್ತರ: ಗ್ರಹಣವು ಊರಿಗೆಲ್ಲ ಹಿಡಿಯುತ್ತದೆ, ತಾಯೀ, ಒಂದು ಕೂಸನ್ನೇ ಆರಿಸಿ ಹಿಡಿಯುವುದಿಲ್ಲ. ಇದು ಇಕ್ತಿಯೋಸಿಸ್ ಎಂಬ ಆನುವಂಶಿಕ ವ್ಯಾಧಿಯಿರಬಹುದು. ಇದರಲ್ಲಿಯೂ ಭೇದಗಳುಂಟು: ಗಂಡುಮಕ್ಕಳಲ್ಲಿಯೇ ಪ್ರಾಯಶಃ ತೋರಿ ತಾಯಿಯ ಮೂಲಕ ಹರಿದುಬರುವುದು ಒಂದಾದರೆ, ಹುಟ್ಟುವಾಗಲೇ ಪೊರೆಯಿರುವುದು ಬಹುಮಟ್ಟಿಗೆ ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ವಂಶವಾಹಿಯು ಕೂಡಿಬಂದಾಗ ಉಂಟಾಗುವಂಥದು. ಸೋದರಮಾವನಿಗೂ ಸೊಸೆಗೂ ಸರಾಸರಿ ನಾಲ್ಕನೆಯ ಒಂದಂಶ ವಂಶವಾಹಿಗಳು ಸಮಾನವಾಗಿರುವುದರಿಂದ, ಆರೋಗ್ಯವಂತರಾದ ಇಬ್ಬರಲ್ಲಿಯೂ ಅಡಗಿದ ಒಂದೇ ದೋಷವು ಕೂಸಿನಲ್ಲಿ ಸಂಧಿಸುವುದು ಸುಲಭ. ಅಂತಹ ದಂಪತಿಗಳಿಗೆ ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದರಷ್ಟು ಸಂಭವವಿದೆ. ಮೊದಲನೆಯದಕ್ಕೆ ಬಂದಿತಾದುದರಿಂದ ಮುಂದಿನ ಮೂವರು ಕ್ಷೇಮವೆಂಬ ಲೆಕ್ಕವು ಕೇವಲ ಭ್ರಾಂತಿ. ರಕ್ತದಿಂದ ವಂಶವಾಹಿ ಪರೀಕ್ಷೆಯನ್ನು ಈಗಲೇ ಮಾಡಿಸಿದರೆ, ಮುಂದಿನ ಗರ್ಭವನ್ನು ಆರಂಭದಲ್ಲಿಯೇ ಪರೀಕ್ಷಿಸಲು ದಾರಿಯಾಗುತ್ತದೆ. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂತಹ ಸಂಸ್ಥೆಗಳಲ್ಲಿ ಸಲಹೆ ದೊರೆಯುತ್ತದೆ. ಬೆವರಿನ ರಂಧ್ರಗಳು ಮುಚ್ಚಿರುವುದರಿಂದ ನಮ್ಮ ಬೇಸಗೆ ಈ ಕೂಸಿಗೆ ಅಪಾಯಕರ: ಒದ್ದೆ ಬಟ್ಟೆಯಿಂದ ಮೈಯನ್ನು ತಂಪಾಗಿಡಿರಿ, ಸ್ನಾನದ ಪಸೆ ಆರುವ ಮುನ್ನವೇ ವ್ಯಾಸಲೀನನ್ನು ಲೇಪಿಸಿರಿ, ರೆಪ್ಪೆಗಳು ಹೊರಮಗುಚಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಿರಿ. ರೋಗವು ಅಂಟುವುದಿಲ್ಲ.

ಪ್ರಶ್ನೆ: ಬೆನ್ನಿನ ಮೇಲಿನ ಬಿಳಿಚಿದ ಮಚ್ಚೆ ತೊನ್ನೋ, ಕುಷ್ಠವೋ?
— ಮುದ್ದೇಬಿಹಾಳದಿಂದಲೂ ಬಸವನ ಬಾಗೇವಾಡಿಯಿಂದಲೂ

ಉತ್ತರ: ಹತ್ತಿಯ ಎಳೆಯಿಂದ ಸವರಿದಾಗ ಸ್ಪರ್ಶವು ತಿಳಿಯದಿದ್ದರೆ ಕುಷ್ಠವನ್ನು ಶಂಕಿಸಬೇಕು, ಹಾಲುಬಿಳುಪಾಗಿದ್ದು ಸ್ಪರ್ಶವು ಸರಿಯಾಗಿದ್ದರೆ ಬಹುಶಃ ತೊನ್ನು. ಹ್ಯಾನ್ಸನ್ನನು 1873ರಲ್ಲಿ ಕಂಡ ಕುಷ್ಠದ ಕ್ರಿಮಿಯನ್ನು ಇಂದಿಗೂ ಪ್ರಯೋಗಶಾಲೆಯ ಮಾಧ್ಯಮದಲ್ಲಿ ಬೆಳೆಸಲಾಗಿಲ್ಲವಾದುದರಿಂದ ಈ ಸ್ಪರ್ಶಪರೀಕ್ಷೆಯ ಬೆಲೆ ಕುಂದಿಲ್ಲ. ಪರೀಕ್ಷೆಗೆ ಮುನ್ನ ಅಂಗಡಿಯ ಸ್ಟಿರಾಯ್ಡ್ ಮುಲಾಮುಗಳನ್ನು ಹಚ್ಚಿ ಲಕ್ಷಣಗಳನ್ನು ಅಳಿಸಬೇಡಿರಿ. ಕುಷ್ಠವೇ ಆದರೂ 6 ಅಥವಾ 12 ತಿಂಗಳ ಔಷಧದಿಂದ ಗುಣವಾಗುತ್ತದೆ; ಆ ಔಷಧವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತದೆ.