ಲಲಿತ ಮಹಲ್: ಅರಮನೆ ಹೋಟೆಲಾಯಿತು

ಮಹಲ್ ಅನ್ನೋ ಮಾತು ನಮಗೆ ಹೊಸದಲ್ಲ. ಧರ್ಮಪುರಿ, ಕೃಷ್ಣಗಿರಿ, ಸೇಲಂನ ಒಂದು ಭಾಗ ಎಲ್ಲ ಸೇರಿ ಹಿಂದೆ ಬಾರಾಮಹಲ್ ಅಂತ ಹೆಸರು. ಬಾರಾ ಅಂದರೆ ಹನ್ನೆರಡು. ಆಗ ಈ ಸೀಮೆ ಮೈಸೂರಿಗೆ ಸೇರಿತ್ತು. 1792ರಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಸೋತ. ಸೀಮೆ ಇಂಗ್ಲಿಷರ ಪಾಲಾಯಿತು. ಆದರೂ ನಮಗೆ ಮೈಸೂರಿನ ನಂಟು ಬಿಟ್ಟಿಲ್ಲ. ದಸರಾ ನೋಡಲು ಹೋಗುತ್ತೇವೆ. ಚಾಮುಂಡಿ ಬೆಟ್ಟ ಹತ್ತುತ್ತೇವೆ.

ಆ ಬೆಟ್ಟದ ಹತ್ತಿರವೇ ಒಂದು ದೊಡ್ಡ ಬಿಳಿ ಕಟ್ಟಡ ಇದೆ. ನಡುವೆ ಎತ್ತರದ ಗುಮ್ಮಟ. ಅದೇ ಲಲಿತ ಮಹಲ್. ದಸರಾ ನಡೆಯುವ ಅರಮನೆ ಬೇರೆ, ಇದು ಬೇರೆ.

ಇದನ್ನು ಕಟ್ಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ವರ್ಷ 1921. ಯಾರಿಗಾಗಿ ಗೊತ್ತೆ? ವೈಸರಾಯ್ ಬಂದರೆ ಇಳಿದುಕೊಳ್ಳಲು! ವೈಸರಾಯ್ ಅಂದರೆ ಇಂಗ್ಲೆಂಡಿನ ರಾಜನ ಪರವಾಗಿ ಇಂಡಿಯಾ ಆಳುತ್ತಿದ್ದ ದೊಡ್ಡ ಅಧಿಕಾರಿ. ಮುಂಬೈನ ಫ್ರಿಚ್ಲಿ ಎಂಬುವರು ನಕ್ಷೆ ಬರೆದರು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟವೇ ಮಾದರಿ. ಒಳಗೆ ಅಮೃತಶಿಲೆಯ ಮೆಟ್ಟಿಲು. ಯಾವಾಗಲೋ ಬರುವ ಒಬ್ಬ ಅತಿಥಿಗೆ ಇಷ್ಟು ದೊಡ್ಡ ಮನೆ! ಇದೇ ಮಹಾರಾಜರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯೂ ಆಯಿತು ಅನ್ನೋದನ್ನೂ ಹೇಳಬೇಕು. ಆ ಕಟ್ಟೆ ದಾಟಿದ ಕಾವೇರಿ ನೀರೇ ನಮ್ಮ ಹೊಗೇನಕಲ್‌ಗೆ ಬರೋದು.

1947ರಲ್ಲಿ ಸ್ವಾತಂತ್ರ್ಯ ಬಂತು. ಮುಂದೆ ವೈಸರಾಯ್ ಇಲ್ಲ, ರಾಜರ ಆಳ್ವಿಕೆಯೂ ಇಲ್ಲ. ರಾಜಮನೆತನಗಳಿಗೆ ಸರ್ಕಾರ ವರ್ಷಕ್ಕಿಷ್ಟು ಅಂತ ರಾಜಧನ ಕೊಡುತ್ತಿತ್ತು. ಮೈಸೂರಿಗೆ 26 ಲಕ್ಷ ರೂಪಾಯಿ ಗೊತ್ತಾಗಿತ್ತು. 1971ರಲ್ಲಿ ಅದೂ ನಿಂತಿತು. ನಮ್ಮ ಹಂಚಿನ ಮನೆಗೇ ವರ್ಷಕ್ಕೊಮ್ಮೆ ಹಂಚು ಕೈಯಾಡಿಸಬೇಕು, ಸುಣ್ಣ ಬಳಿಯಬೇಕು. ಅರಮನೆ ಸೋರಿದರೆ ಎಷ್ಟು ಖರ್ಚು, ನೀವೇ ಯೋಚಿಸಿ. ದೇಶದ ಎಷ್ಟೋ ಅರಮನೆಗಳು ಹೋಟೆಲಾದವು. ಮೈಸೂರು ಅರಸರದೇ ಆದ ಊಟಿಯ ಫರ್ನ್‌ಹಿಲ್ಸ್ ಅರಮನೆಯೂ ಹೋಟೆಲಾಯಿತು.

ಲಲಿತ ಮಹಲ್ ಹೋಟೆಲಾದದ್ದು 1974ರಲ್ಲಿ. ದೊರೆಗಳು ಕುಣಿಯುತ್ತಿದ್ದ ಹಜಾರ ಊಟದ ಹಾಲ್ ಆಯಿತು. ಅಡುಗೆಯವರು, ತೋಟದವರು, ಕೋಣೆ ಗುಡಿಸುವವರು, ಹೀಗೆ ಹಲವರಿಗೆ ಕೆಲಸ ಸಿಕ್ಕಿತು. ಬಹಳ ಕಾಲ ಕೇಂದ್ರ ಸರ್ಕಾರದ ಸಂಸ್ಥೆ ಅದನ್ನು ನಡೆಸಿತು. 2018ರಲ್ಲಿ ಅದು ಕರ್ನಾಟಕ ಸರ್ಕಾರದ ಕೈಗೆ ಬಂತು.

ಹಾಗಾದರೆ ನಾವೂ ಒಳಗೆ ಹೋಗಬಹುದೆ? ಇಲ್ಲಿ ಈಗ ಜಾತಿ, ಪದವಿ ಕೇಳುವುದಿಲ್ಲ. ಆದರೆ ದುಡ್ಡು ಕೇಳುತ್ತಾರೆ. ಕೋಣೆ ಬಾಡಿಗೆ ಕೂಲಿಯವರ ಕೈಗೆ ಎಟುಕೋದಲ್ಲ. ಇಂಥ ಹೋಟೆಲಿಗೆ ಬರೀ ಕಾಫಿ ಕುಡಿಯಲು ಹೋದರೂ ಮೊದಲು ದರಪಟ್ಟಿ ಕೇಳಿ. ನೀವೇ ಓದಿ. ತೆರಿಗೆ ಬೇರೆ ಸೇರುತ್ತದೆಯೇ ನೋಡಿ. ಆಮೇಲೆ ಕುಳಿತುಕೊಳ್ಳಿ. ಹಾಗೆ ಕೇಳೋದರಲ್ಲಿ ನಾಚಿಕೆ ಏನೂ ಇಲ್ಲ.

ಕೇಂದ್ರದಲ್ಲಿ ಮಾತಾಡಿ: 1921ರಿಂದ 1974ಕ್ಕೆ ಎಷ್ಟು ವರ್ಷ? ನಮ್ಮ ಸಂಕಗಿರಿ ಕೋಟೆಯಂಥ ಜಾಗದಲ್ಲಿ ಹೋಟೆಲು ಮಾಡುತ್ತೇವೆ ಅಂತ ಯಾರಾದರೂ ಬಂದರೆ ನೀವು ಒಪ್ಪುತ್ತೀರಾ? ಯಾರಿಗೆ ಲಾಭ? ಕುರಿ ಮೇಯಿಸುವವರು ಆಗ ಎಲ್ಲಿಗೆ ಹೋಗಬೇಕು?